ಥೈರಾಯ್ಡ್ ಟೆಸ್ಟ್: ರಕ್ತ ಕೊಡುವ ಮುಂಚೆ, ರಿಪೋರ್ಟ್ ಬಂದ ಮೇಲೆ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ, ಥೈರಾಯ್ಡ್ ಟೆಸ್ಟ್ ಮಾಡಿಸುವುದು ಈಗ ಕಷ್ಟವೇ ಅಲ್ಲ. ಲ್ಯಾಬ್‌ಗೆ ಹೋಗಿ ಕೈ ಚಾಚಿದರೆ ಸಂಜೆಗೋ ಮರುದಿನಕ್ಕೋ ರಿಪೋರ್ಟ್ ವಾಟ್ಸಾಪ್‌ಗೆ ಬಂದು ಬೀಳುತ್ತದೆ. ಕಷ್ಟ ಇರುವುದು ಆಮೇಲೆ. ಒಂದು ಅಂಕಿ ದಪ್ಪ ಅಕ್ಷರದಲ್ಲಿ ಇರುತ್ತದೆ, ಅದನ್ನು ನೋಡಿ ಮೆಡಿಕಲ್ ಸ್ಟೋರಿನವರು ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಕೆಲವರು ಆ ಒಂದೇ ಕಾಗದ ನಂಬಿ ಮಾತ್ರೆ ಶುರು ಮಾಡಿ ವರ್ಷಗಟ್ಟಲೆ ನುಂಗುತ್ತಾರೆ. ಇನ್ನು ಕೆಲವರಿಗೆ ನಿಜವಾಗಿಯೂ ತೊಂದರೆ ಇದ್ದರೂ "ಎಲ್ಲಾ ನಾರ್ಮಲ್ ಇದೆ, ಟೆನ್ಶನ್ ಕಡಿಮೆ ಮಾಡ್ಕೊಳಿ" ಎನ್ನುವ ಉತ್ತರ ಸಿಕ್ಕಿರುತ್ತದೆ. ನಮ್ಮ ನೆಂಟರಲ್ಲೇ ಎರಡೂ ಥರದವರಿದ್ದಾರೆ.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಥೈರಾಯ್ಡ್ ತೊಂದರೆ ಇರುವವರು ಜಾಸ್ತಿ, ಅವರ ಫೈಲ್ ಹಿಡಿದು ಓಡಾಡುವುದು ನನ್ನ ಪಾಲಿನ ಕೆಲಸ, ಅಷ್ಟೇ. ಹಾಗೆ ಓಡಾಡಿ ತಿಳಿದದ್ದು ಏನೆಂದರೆ, ರಿಪೋರ್ಟಿನ ಅಂಕಿಯನ್ನು ಒಂಟಿಯಾಗಿ ಓದಬಾರದು. ರಕ್ತ ಯಾವಾಗ ಕೊಟ್ಟಿರಿ, ಹಿಂದಿನ ವಾರ ಏನು ನುಂಗಿದ್ದಿರಿ, ಯಾವ ಟೆಸ್ಟ್ ಬರೆಸಿಕೊಂಡಿರಿ, ಇವಿಷ್ಟು ಗೊತ್ತಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಲ್ಯಾಬ್‌ಗೆ ಹೋಗುವುದಕ್ಕೂ ಮುಂಚಿನ ಕೆಲಸ ಇದು. ಏನೇನು ತೊಂದರೆ, ಎಷ್ಟು ತಿಂಗಳಿಂದ ಅಂತ ಬರೆಯಿರಿ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಕಡಿಮೆ ಆದಾಗ, ಅಂದರೆ ಹೈಪೋ ಆದಾಗ, ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು, ದನಿ ಒರಟಾಗುವುದು, ತೂಕ ಸ್ವಲ್ಪ ಏರುವುದು. ಹಾರ್ಮೋನ್ ಜಾಸ್ತಿ ಆದಾಗ, ಅಂದರೆ ಹೈಪರ್ ಆದಾಗ, ಎದೆ ಹೊಡೆದುಕೊಳ್ಳುವುದು, ಕೈ ನಡುಕ, ಬೆವರು, ಚೆನ್ನಾಗಿ ತಿಂದರೂ ತೂಕ ಇಳಿಯುವುದು, ನಿದ್ದೆ ಇಲ್ಲದಿರುವುದು. ಹೈಪೋ ಆದವರಿಗೆ ಚಳಿ ತಡೆಯುವುದಿಲ್ಲ ಅಂತಲೂ ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಗಾಳಿ ಬೀಸುವಾಗ ಯಾರಿಗೆ ತಡೆಯುತ್ತದೆ ಹೇಳಿ? ಆದ್ದರಿಂದ ಚಳಿ ಆಗುತ್ತದೆ ಎಂದಷ್ಟೇ ಬರೆಯಬೇಡಿ. ಮನೆಯಲ್ಲಿ ಉಳಿದವರೆಲ್ಲ ಫ್ಯಾನ್ ಹಾಕಿಕೊಂಡಿರುವಾಗ ನೀವೊಬ್ಬರೇ ಸ್ವೆಟರ್ ಹಾಕಿಕೊಳ್ಳುತ್ತಿದ್ದರೆ ಅದನ್ನು ಬರೆಯಿರಿ.

ಅದೇ ಹಾಳೆಯಲ್ಲಿ ಇನ್ನೂ ನಾಲ್ಕು ವಿಷಯ ಇರಲಿ. ಅಮ್ಮ, ಅಕ್ಕ, ಅಜ್ಜಿ ಯಾರಿಗಾದರೂ ಥೈರಾಯ್ಡ್ ಇದೆಯಾ? ನೀವೀಗ ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆಗಳು ಯಾವುವು (ಕೂದಲಿಗೆ, ಶಕ್ತಿಗೆ ಅಂತ ತಿನ್ನುವುದೂ ಸೇರಿ)? ಗರ್ಭಿಣಿಯಾ, ಅಥವಾ ಮಗುವಿನ ಯೋಚನೆ ಇದೆಯಾ? ಹೆರಿಗೆ ಆಗಿ ಒಂದು ವರ್ಷದ ಒಳಗಾ? ಕೊನೆಯದನ್ನು ತುಂಬಾ ಜನ ಹೇಳುವುದೇ ಇಲ್ಲ. ಹೆರಿಗೆ ಆದ ಮೇಲಿನ ತಿಂಗಳುಗಳಲ್ಲಿ ಕೆಲವರಿಗೆ ಥೈರಾಯ್ಡ್ ಮೊದಲು ಜಾಸ್ತಿ ಆಗಿ, ಆಮೇಲೆ ಕಡಿಮೆ ಆಗಿ, ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಅದು ಗೊತ್ತಿಲ್ಲದೆ ನೋಡಿದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ.

ಇನ್ನೊಂದು ಮಾತು. ಸುಸ್ತು ಅಂದ ತಕ್ಷಣ ಥೈರಾಯ್ಡ್ ಅಲ್ಲ. ನಮ್ಮ ಕಡೆ ಹೆಂಗಸರ ಸುಸ್ತಿಗೆ ರಕ್ತಹೀನತೆ ದೊಡ್ಡ ಕಾರಣ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಸಕ್ಕರೆ ಇವನ್ನೂ ಒಮ್ಮೆ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಯಾವ ಟೆಸ್ಟ್ ಕೇಳಬೇಕು

ಇಲ್ಲೇ ದುಡ್ಡು ಸುಮ್ನೆ ಹೋಗುವುದು. ಎಪ್ಪತ್ತೆಂಬತ್ತು ಟೆಸ್ಟ್ ಇರುವ ಫುಲ್ ಬಾಡಿ ಪ್ಯಾಕೇಜ್ ಬೇಡ. ಮೊದಲ ಸಲಕ್ಕೆ ಟಿಎಸ್‌ಎಚ್, ಜೊತೆಗೆ ಫ್ರೀ ಟಿ4. ಬಹುಪಾಲು ಜನಕ್ಕೆ ಇಷ್ಟೇ ಸಾಕು.

ಟಿಎಸ್‌ಎಚ್ ಎನ್ನುವುದು ಥೈರಾಯ್ಡ್ ಹಾರ್ಮೋನ್ ಅಲ್ಲ. ತಲೆಯೊಳಗಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಆದೇಶ ಅದು. ಕಾಫಿ ತೋಟದ ಮೇಸ್ತ್ರಿಯನ್ನು ನೆನೆಸಿಕೊಳ್ಳಿ. ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಅವನು ಮೆಲ್ಲಗೆ ಮಾತಾಡುತ್ತಾನೆ, ಕೆಲಸ ನಿಧಾನವಾದಷ್ಟೂ ಕೂಗು ಜೋರಾಗುತ್ತದೆ. ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಸೋಮಾರಿಯಾಗಿದೆ ಎಂದರ್ಥ. ತೀರಾ ಕಡಿಮೆ ಇದ್ದರೆ ಥೈರಾಯ್ಡ್ ಹೇಳದೇ ಇದ್ದರೂ ಮೈಮುರಿದು ಕೆಲಸ ಮಾಡುತ್ತಿದೆ ಎಂದರ್ಥ. ಫ್ರೀ ಟಿ4 ಅಂದರೆ ಥೈರಾಯ್ಡ್ ತಯಾರಿಸಿದ ಹಾರ್ಮೋನ್, ಸಂಜೆ ತೂಕಕ್ಕೆ ಬಂದ ಹಣ್ಣಿದ್ದ ಹಾಗೆ. ಕೂಗು ಕೇಳಿದರೆ ಸಾಲದು, ಹಣ್ಣು ಎಷ್ಟು ಕೆಜಿ ಅಂತಲೂ ನೋಡಬೇಕಲ್ವಾ?

ಲ್ಯಾಬ್‌ನಲ್ಲಿ ಸುಮ್ಮನೆ "ಥೈರಾಯ್ಡ್ ಟೆಸ್ಟ್" ಅಂದರೆ ಸಾಮಾನ್ಯವಾಗಿ ಟಿ3, ಟಿ4, ಟಿಎಸ್‌ಎಚ್ ಮೂರೂ ಮಾಡುತ್ತಾರೆ. ಅದರಲ್ಲಿ ಟಿ3 (ಥೈರಾಯ್ಡ್‌ನ ಇನ್ನೊಂದು ಹಾರ್ಮೋನ್), ಟಿ4 ಟೋಟಲ್ ಲೆಕ್ಕದವು, ಅಂದರೆ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡದ್ದೂ ಸೇರಿದ ಲೆಕ್ಕ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಟೋಟಲ್ ಅಂಕಿ ತಾನಾಗೇ ಮೇಲೇರುತ್ತದೆ, ಅದಕ್ಕೂ ಕಾಯಿಲೆಗೂ ಸಂಬಂಧ ಇರುವುದಿಲ್ಲ. ಹಾಗಾಗಿ ಚೀಟಿಯಲ್ಲಿ "ಫ್ರೀ" ಅಂತ ಬರೆಸಿಕೊಳ್ಳಿ. ಹೈಪೋ ಅನುಮಾನ ಇರುವವರಿಗೆ ಟಿ3ಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದು ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಟಿಎಸ್‌ಎಚ್ ತೀರಾ ಕೆಳಗಿದ್ದು ಹೈಪರ್ ಅನುಮಾನ ಇದ್ದಾಗ ಮಾತ್ರ ಟಿ3 ಬೇಕೇ ಬೇಕು.

ಆಂಟಿ ಟಿಪಿಒ ಎಂಬ ಇನ್ನೊಂದು ಟೆಸ್ಟ್ ಇದೆ. ದೇಹವೇ ತನ್ನ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯಾ ಅಂತ ಅದು ಹೇಳುತ್ತದೆ. ಒಮ್ಮೆ ಮಾಡಿಸಿದರೆ ಸಾಕು. ಅದು 300 ಇದ್ದದ್ದು 600 ಆಯಿತು ಅಂತ ಚಿಕಿತ್ಸೆ ಬದಲಾಗುವುದಿಲ್ಲ, ಆದ್ದರಿಂದ ಪ್ರತಿ ಸಲ ಅದಕ್ಕೆ ದುಡ್ಡು ಸುರಿಯಬೇಡಿ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರುವ ಕೆಲವರಲ್ಲೂ ಇದು ಪಾಸಿಟಿವ್ ಬರುತ್ತದೆ, ಅಂಥವರು ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಂಡರೆ ಆಯಿತು.

ರಕ್ತ ಕೊಡುವ ದಿನ, ಅದರ ಹಿಂದಿನ ದಿನಗಳು

ಕೂದಲು ಉದುರುತ್ತದೆ ಅಂತ ತಿನ್ನುವ ಬಯೋಟಿನ್ (ಒಂದು ವಿಟಮಿನ್) ಮಾತ್ರೆಗಳ ಬಗ್ಗೆ ಮೊದಲು ಹೇಳಬೇಕು. ನಮ್ಮ ಚಿಕ್ಕಮ್ಮನ ರಿಪೋರ್ಟ್‌ನಲ್ಲಿ ಒಮ್ಮೆ ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ ಬಂತು. ಕಾಗದದ ಮೇಲೆ ಪಕ್ಕಾ ಹೈಪರ್. ಮನುಷ್ಯರು ನೋಡಿದರೆ ಆರಾಮಾಗಿದ್ದಾರೆ, ಎದೆ ಹೊಡೆದುಕೊಳ್ಳುವುದೂ ಇಲ್ಲ, ನಡುಕವೂ ಇಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಕೂದಲಿಗೆ ಏನಾದ್ರೂ ಮಾತ್ರೆ ತಗೋತಾ ಇದೀರಾ?" ಹೌದು, ತೆಗೆದುಕೊಳ್ಳುತ್ತಿದ್ದರು. ನಿಲ್ಲಿಸಿ ಮತ್ತೆ ಮಾಡಿಸಿದಾಗ ಎಲ್ಲಾ ಸರಿ ಬಂತು. ಎಷ್ಟೋ ಮಷಿನ್‌ಗಳ ಟೆಸ್ಟ್ ವಿಧಾನದಲ್ಲೇ ಬಯೋಟಿನ್ ಬಳಕೆ ಇರುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಮಷಿನ್ ಲೆಕ್ಕ ತಪ್ಪುತ್ತದೆ. ಕೂದಲಿನ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುವುದು ಸಾಮಾನ್ಯ, ದಿನಕ್ಕೆ ದೇಹಕ್ಕೆ ಬೇಕಾದದ್ದು ಅದರ ಒಂದು ಚೂರು. ಟೆಸ್ಟ್‌ಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಡೋಸ್ ಜಾಸ್ತಿ ಇದ್ದರೆ ಇನ್ನೂ ಮುಂಚೆ. ಮಲ್ಟಿವಿಟಮಿನ್ ಡಬ್ಬಿಯ ಹಿಂಭಾಗವನ್ನೂ ಒಮ್ಮೆ ಓದಿ.

ಜ್ವರ ಬಂದು ಎದ್ದ ವಾರದಲ್ಲಿ ಥೈರಾಯ್ಡ್ ನೋಡಿಸಬೇಡಿ. ಡೆಂಗ್ಯೂ ಇರಲಿ, ಕೊಪ್ಪ, ಎನ್.ಆರ್. ಪುರದ ಕಡೆಯ ಮಂಗನ ಕಾಯಿಲೆ ಇರಲಿ, ದೊಡ್ಡ ಕಾಯಿಲೆಯಲ್ಲಿ, ಆಪರೇಷನ್ ಆದಾಗ ಥೈರಾಯ್ಡ್ ಅಂಕಿಗಳು ತಾವಾಗೇ ಏರುಪೇರಾಗುತ್ತವೆ. ಚೇತರಿಸಿಕೊಂಡು ಸುಮಾರು 6 ವಾರ ಆದ ಮೇಲೆ ಮಾಡಿಸಿ. ಆಸ್ಪತ್ರೆಯಲ್ಲಿ ಡಾಕ್ಟರೇ ಬೇಕು ಅಂದರೆ ಅದು ಬೇರೆ ಮಾತು. ಸ್ಟೀರಾಯ್ಡ್, ಹೃದಯಕ್ಕೆ ಕೊಡುವ ಅಮಿಯೊಡರೋನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಇತ್ತೀಚೆಗೆ ಡೈ ಹಾಕಿ ಮಾಡಿಸಿದ ಸಿಟಿ ಸ್ಕ್ಯಾನ್, ಇವು ಯಾವುದಿದ್ದರೂ ಹೇಳಿ. ಆದರೆ ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಬೆಳಿಗ್ಗೆಯೇ ಕೊಡಿ. ಟಿಎಸ್‌ಎಚ್ ರಾತ್ರಿ ಏರಿ, ಬೆಳಗಿನ ಹೊತ್ತು ಮೇಲೇ ಇದ್ದು, ಮಧ್ಯಾಹ್ನಕ್ಕೆ ಇಳಿಯುತ್ತದೆ. ಹೋದ ಸಲ ಬೆಳಿಗ್ಗೆ 8ಕ್ಕೆ, ಈ ಸಲ ಸಂತೆ ಮುಗಿಸಿಕೊಂಡು ಮಧ್ಯಾಹ್ನ 3ಕ್ಕೆ ಕೊಟ್ಟರೆ ಎರಡನ್ನೂ ಹೋಲಿಸುವುದು ಹೇಗೆ? ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಮೂಡಿಗೆರೆಯಿಂದಲೋ ಅರಕಲಗೂಡಿನಿಂದಲೋ ಮೊದಲ ಬಸ್ಸಿಗೆ ಹೊರಟು ಹಸಿವಿನಿಂದ ತಲೆ ಸುತ್ತಿಸಿಕೊಳ್ಳುವ ಅಗತ್ಯ ಇಲ್ಲ. ಆದರೂ ಪ್ರತಿ ಸಲ ಒಂದೇ ರೀತಿ ಇರಲಿ. ಸಕ್ಕರೆ ಟೆಸ್ಟ್ ಕೂಡ ಅವತ್ತೇ ಇದ್ದರೆ ಅದಕ್ಕೆ ಹೇಗೂ ಉಪವಾಸ ಬೇಕಾಗಬಹುದು, ಕೇಳಿಕೊಳ್ಳಿ.

ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಮುಂಚೆಯೇ ನುಂಗಿದರೆ ಫ್ರೀ ಟಿ4 ಕೆಲವು ಗಂಟೆ ಮೇಲೇರಿರುತ್ತದೆ. ಮಾತ್ರೆ, ನೀರಿನ ಬಾಟಲಿ ಚೀಲದಲ್ಲೇ ಇರಲಿ. ಹತ್ತಿ ಒತ್ತಿ ಹಿಡಿದುಕೊಂಡೇ ನುಂಗಿಬಿಡಿ, ಆಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ಹೋಟೆಲಿಗೆ ಹೋಗಿ.

ಟೆಸ್ಟ್ ಇದೆ ಅಂತ ನಾಲ್ಕು ದಿನ ಮಾತ್ರ ನಿಯತ್ತಾಗಿ ಮಾತ್ರೆ ನುಂಗುವವರಿಗೆ ಒಂದು ಮಾತು. ಅದು ಗೊತ್ತಾಗುತ್ತದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳು ಬೇಕು. ಎರಡೂ ಒಟ್ಟಿಗೆ ಜಾಸ್ತಿ ಕಂಡರೆ ಅನುಭವಸ್ಥ ಡಾಕ್ಟರ್ ನಗುತ್ತಾರೆ. ತಪ್ಪಿಸಿದ್ದರೆ ತಪ್ಪಿಸಿದೆ ಅಂತ ಹೇಳಿಬಿಡಿ, ಇಲ್ಲದಿದ್ದರೆ ಡೋಸ್ ಸುಮ್ನೆ ಏರಿಸಿಬಿಡಬಹುದು.

ಎಲ್ಲಿ ಮಾಡಿಸುವುದು

ಹಾಸನದಲ್ಲಿ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇವೆ. ಖಾಸಗಿ ಕಡೆ ಹೋಗುವ ಮುಂಚೆ ಅಲ್ಲಿ ಮೆಡಿಸಿನ್ ಓಪಿಡಿಯಲ್ಲಿ ತೋರಿಸಿ ಯಾವ ಟೆಸ್ಟ್ ಅಲ್ಲೇ ಆಗುತ್ತದೆ ಅಂತ ವಿಚಾರಿಸಿ. ಖಾಸಗಿ ಲ್ಯಾಬ್ ಆದರೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಸ್ಯಾಂಪಲ್ ಇಲ್ಲೇ ನೋಡುತ್ತೀರಾ ಅಥವಾ ಬೆಂಗಳೂರಿಗೆ ಕಳಿಸುತ್ತೀರಾ ಅಂತ ಕೇಳಿ. ಕಳಿಸುವುದು ತಪ್ಪೇನಲ್ಲ, ಕೇಳಿ ತಿಳಿದಿರಬೇಕು ಅಷ್ಟೇ. ಆಮೇಲೆ ಲ್ಯಾಬ್ ಪದೇ ಪದೇ ಬದಲಿಸಬೇಡಿ. ಒಂದೊಂದು ಕಡೆ ಒಂದೊಂದು ಮಷಿನ್, ಒಂದೊಂದು ನಾರ್ಮಲ್ ಮಿತಿ. ಫ್ರೀ ಟಿ4 ಒಂದು ಲ್ಯಾಬ್‌ನಲ್ಲಿ 1.2, ಇನ್ನೊಂದರಲ್ಲಿ 15 ಬಂದರೆ ಗಾಬರಿ ಬೇಡ. ಮೊದಲನೆಯದು ಡೆಸಿಲೀಟರ್‌ಗೆ ನ್ಯಾನೋಗ್ರಾಂ, ಎರಡನೆಯದು ಲೀಟರ್‌ಗೆ ಪಿಕೋಮೋಲ್. ಹೆಚ್ಚುಕಡಿಮೆ ಎರಡೂ ಒಂದೇ.

ರಿಪೋರ್ಟ್ ಬಂತು, ಈಗೇನು

ಟಿಎಸ್‌ಎಚ್‌ನ ನಾರ್ಮಲ್ ಮಿತಿ ಸುಮಾರು 0.4ರಿಂದ 4 ಅಥವಾ 4.5ರವರೆಗೆ. ನಿಮ್ಮ ಲ್ಯಾಬ್ ಬರೆದಿರುವ ಮಿತಿಯನ್ನೇ ನೋಡಿ.

ಟಿಎಸ್‌ಎಚ್ 10 ದಾಟಿದೆ, ಫ್ರೀ ಟಿ4 ಕಡಿಮೆ ಇದೆ ಅಂದರೆ ವಿಷಯ ಸ್ಪಷ್ಟ, ಚಿಕಿತ್ಸೆ ಬೇಕು. ಗೊಂದಲ ಇರುವುದು 5, 6, 8 ಬಂದು ಟಿ4 ಸರಿ ಇದ್ದಾಗ. ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ನೀವು ಗರ್ಭಿಣಿ ಅಲ್ಲದಿದ್ದರೆ, ಮಗುವಿನ ಯೋಚನೆಯೂ ಈಗ ಇಲ್ಲದಿದ್ದರೆ ಅವಸರ ಬೇಡ. 2-3 ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ಟಿಎಸ್‌ಎಚ್, ಫ್ರೀ ಟಿ4, ಜೊತೆಗೆ ಒಮ್ಮೆ ಆಂಟಿ ಟಿಪಿಒ ಮಾಡಿಸಿ. ಎಷ್ಟೋ ಜನರಲ್ಲಿ ಅದು ತಾನೇ ಇಳಿದಿರುತ್ತದೆ. ಡಾಕ್ಟರ್ ಮೊದಲ ರಿಪೋರ್ಟ್‌ಗೇ ಮಾತ್ರೆ ಬರೆದರೆ "ಸಾರ್, ಇನ್ನೊಂದು ಸಲ ಟೆಸ್ಟ್ ಮಾಡಿಸಿ ನೋಡಬಹುದಾ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ವಯಸ್ಸಾದವರಲ್ಲಿ ಇನ್ನೂ ತಾಳ್ಮೆ ಬೇಕು. 70 ದಾಟಿದವರಲ್ಲಿ ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಇರುವುದು ಸಹಜ. ಅಜ್ಜನ 6ನ್ನು 2ಕ್ಕೆ ಇಳಿಸುತ್ತೇನೆ ಅಂತ ಹೊರಟು ಡೋಸ್ ಜಾಸ್ತಿಯಾದರೆ ಎದೆಬಡಿತದ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಟಿಎಸ್‌ಎಚ್ ತೀರಾ ಕಡಿಮೆ, 0.1ಕ್ಕಿಂತ ಕೆಳಗೆ ಬಂದರೆ ತಡ ಮಾಡಬೇಡಿ. ಮೊದಲು ಫ್ರೀ ಟಿ4, ಟಿ3. ಅವು ಜಾಸ್ತಿ ಇದ್ದರೆ ಯಾಕೆ ಅಂತ ತಿಳಿಯಬೇಕು. ಗ್ರಂಥಿ ನಿಜವಾಗಿ ಜಾಸ್ತಿ ಹಾರ್ಮೋನ್ ತಯಾರಿಸುತ್ತಿದೆಯಾ, ಅಥವಾ ಊತ ಬಂದು ಒಳಗಿದ್ದದ್ದು ಸೋರುತ್ತಿದೆಯಾ? ಮೊದಲನೆಯದಕ್ಕೆ ಕಾರ್ಬಿಮಜೋಲ್‌ನಂಥ ಮಾತ್ರೆ ಬೇಕು, ಎರಡನೆಯದಕ್ಕೆ ಆ ಮಾತ್ರೆ ಉಪಯೋಗವೇ ಇಲ್ಲ. ಟಿಆರ್‌ಎಬಿ ಎಂಬ ರಕ್ತಪರೀಕ್ಷೆ ಅಥವಾ ಥೈರಾಯ್ಡ್ ಅಪ್‌ಟೇಕ್ ಸ್ಕ್ಯಾನ್ ಇದನ್ನು ಬಿಡಿಸಿ ಹೇಳುತ್ತದೆ. ಸ್ಕ್ಯಾನ್‌ಗೆ ಮಂಗಳೂರಿಗೋ ಬೆಂಗಳೂರಿಗೋ ಬರೆದುಕೊಟ್ಟರೆ ಆಶ್ಚರ್ಯಪಡಬೇಡಿ. ಕಾರ್ಬಿಮಜೋಲ್ ಶುರು ಮಾಡಿದ ಮೇಲೆ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಂಡು ಬಿಳಿ ರಕ್ತಕಣದ ಲೆಕ್ಕ ಮಾಡಿಸಬೇಕು. ನೆಗಡಿ ಇರಬೇಕು ಅಂತ ಕಷಾಯ ಕುಡಿದು ಮಲಗಬಾರದು.

ಕುತ್ತಿಗೆಯ ಅಲ್ಟ್ರಾಸೌಂಡ್ ಎಲ್ಲರಿಗೂ ಬೇಡ. ಗಂಟು ಅಥವಾ ಊತ ಕೈಗೆ ಸಿಗುತ್ತಿದ್ದರೆ ಬೇಕು. ಗಂಟು ಬೇಗ ಬೆಳೆಯುತ್ತಿದ್ದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ ಮುಂದೂಡಬೇಡಿ. ಗಳಗಂಡ, ಅಂದರೆ ಅಯೋಡಿನ್ ಸಾಲದೆ ಥೈರಾಯ್ಡ್ ಊದಿಕೊಳ್ಳುವುದು, ಮಲೆನಾಡಿಗೆ ಹೊಸದಲ್ಲ, ಅದಕ್ಕಾಗಿಯೇ ಉಪ್ಪಿಗೆ ಅಯೋಡಿನ್ ಸೇರಿಸುವ ಕಾರ್ಯಕ್ರಮ ದೇಶದಲ್ಲಿ 1962ರಿಂದ ಇದೆ. ಈಗ ಆರೋಗ್ಯಕ್ಕೆ ಒಳ್ಳೆಯದು ಅಂತ ಸೈಂಧವ ಲವಣ ಒಂದನ್ನೇ ಅಡಿಗೆಗೆ ಹಾಕುವವರು ಜಾಸ್ತಿಯಾಗಿದ್ದಾರೆ. ಅಯೋಡಿನ್ ಸೇರಿಸದ ಆ ಉಪ್ಪನ್ನು ನಂಬಿ ಮಾಮೂಲಿ ಪ್ಯಾಕೆಟ್ ಉಪ್ಪು ಬಿಡಬೇಡಿ. ಥೈರಾಯ್ಡ್ ಇರುವವರು ಎಲೆಕೋಸು ಮುಟ್ಟಬಾರದು ಅನ್ನುತ್ತಾರೆ, ಬೇಯಿಸಿ ತಿಂದರೆ ಏನೂ ಆಗುವುದಿಲ್ಲ.

ಟಿಎಸ್‌ಎಚ್ ನಾರ್ಮಲ್, ಆದರೂ ತೊಂದರೆ

ಮೇಸ್ತ್ರಿಗೇ ದನಿ ಹೋಗಿದ್ದರೆ? ತೋಟದಲ್ಲಿ ಕೆಲಸ ನಿಂತಿರುತ್ತದೆ, ಕೂಗು ಮಾತ್ರ ಕೇಳಿಸುವುದಿಲ್ಲ. ಪಿಟ್ಯುಟರಿಗೇ ಪೆಟ್ಟಾಗಿದ್ದರೆ ಟಿಎಸ್‌ಎಚ್ ನಾರ್ಮಲ್ ಬರಬಹುದು, ಫ್ರೀ ಟಿ4 ಮಾತ್ರ ಕೆಳಗಿರುತ್ತದೆ. ಟಿಎಸ್‌ಎಚ್ ಒಂದನ್ನೇ ನೋಡಿದರೆ ಇಂಥವರು ಕಣ್ಣಿಗೆ ಬೀಳುವುದೇ ಇಲ್ಲ.

ಇದು ಅಪರೂಪ. ಆದರೆ ನಮ್ಮ ಜಿಲ್ಲೆಗಳಿಗೆ ಸಂಬಂಧಪಟ್ಟ ಎರಡು ಸಂದರ್ಭ ಇವೆ. ಒಂದು, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಆಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟೂ ಮರಳಿ ಬಾರದೆ ಇರುವ ಹೆಂಗಸರು. ಇನ್ನೊಂದು, ಕೊಳಕುಮಂಡಲ ಹಾವು ಕಚ್ಚಿ ಬದುಕಿದವರು. ಆ ವಿಷ ಪಿಟ್ಯುಟರಿಗೆ ಹಾನಿ ಮಾಡಬಹುದು, ತೊಂದರೆ ಕಾಣಿಸಿಕೊಳ್ಳುವುದು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ. ತೋಟ, ಗದ್ದೆಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಇಂಥವರಿದ್ದು, ಹಾವು ಕಚ್ಚಿದ ಮೇಲಿಂದ ಮೊದಲಿನ ಹಾಗಿಲ್ಲ, ಸದಾ ಸುಸ್ತು ಅನ್ನುತ್ತಿದ್ದರೆ ಆ ಹಳೆಯ ವಿಷಯವನ್ನು ಡಾಕ್ಟರಿಗೆ ನೆನಪಿಟ್ಟು ಹೇಳಿ. ಅವರಿಗೆ ಟಿ4 ಜೊತೆ ಕಾರ್ಟಿಸಾಲ್ (ಪಿಟ್ಯುಟರಿಯ ಆದೇಶದಂತೆ ತಯಾರಾಗುವ ಇನ್ನೊಂದು ಹಾರ್ಮೋನ್) ಕೂಡ ನೋಡಬೇಕು. ಕಾರ್ಟಿಸಾಲ್ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡುತ್ತಾರೆ. ಕ್ರಮ ಹಿಂದುಮುಂದಾದರೆ ಜೀವಕ್ಕೇ ಅಪಾಯ.

ಗರ್ಭಿಣಿ ಆದರೆ

ಮೇಲೆ ಹೇಳಿದ ತಾಳ್ಮೆ ಇಲ್ಲಿ ನಡೆಯುವುದಿಲ್ಲ. ಗರ್ಭ ನಿಂತಿದೆ ಅಂತ ತಿಳಿದ ಕೂಡಲೇ ಟಿಎಸ್‌ಎಚ್ ಮಾಡಿಸಿ, ಅಂಕಿಯನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಡೋಸ್ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆ, ಮುಂದಿನ ತಿಂಗಳ ಚೆಕಪ್ ತನಕ ಕಾಯಬೇಡಿ, ಫೋನ್ ಮಾಡಿಯಾದರೂ ಕೇಳಿ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ಸ್ವಲ್ಪ ಕೆಳಗೆ ಬರುವುದು ಸಹಜ, ಅಷ್ಟಕ್ಕೇ ಹೈಪರ್ ಅಂದುಕೊಳ್ಳಬಾರದು. ಮಗು ಹುಟ್ಟಿ 48 ಗಂಟೆ ಕಳೆದ ಮೇಲೆ ಹಿಮ್ಮಡಿಯಿಂದ ರಕ್ತ ತೆಗೆದು ಥೈರಾಯ್ಡ್ ನೋಡಿದ್ದೀರಾ ಅಂತ ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವ ಮಗುವಿಗೆ ಮೊದಲ ಎರಡು ವಾರದಲ್ಲಿ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ತಡವಾದರೆ ಹೋದದ್ದು ಮರಳಿ ಬರುವುದಿಲ್ಲ.

ಮಾತ್ರೆ ಶುರುವಾದ ಮೇಲಿನ ಟೆಸ್ಟ್

ಡೋಸ್ ಶುರು ಮಾಡಿದ ಅಥವಾ ಬದಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್. ಎರಡೇ ವಾರಕ್ಕೆ ಓಡಿದರೆ ದುಡ್ಡು ದಂಡ, ಅಷ್ಟರಲ್ಲಿ ಅಂಕಿ ನೆಲೆ ನಿಂತಿರುವುದಿಲ್ಲ.

ಇನ್ನು ಕಾಫಿ. ಕಾಫಿ ನಾಡಿನಲ್ಲಿ ಎದ್ದ ಕೂಡಲೇ ಲೋಟ ಹಿಡಿಯದೆ ಇರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಡೋಸ್ 50ರಿಂದ 75, 75ರಿಂದ 100 ಏರುತ್ತಲೇ ಹೋಗಿ ಟಿಎಸ್‌ಎಚ್ ಇಳಿಯುತ್ತಲೇ ಇಲ್ಲ ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಡಿ. ಬೆಳಿಗ್ಗೆ ಆಗುವುದೇ ಇಲ್ಲ ಅಂದರೆ ರಾತ್ರಿ ಊಟವಾಗಿ ಮೂರು ಗಂಟೆ ಆದ ಮೇಲೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಗರ್ಭಿಣಿಯರಿಗೆ ಮೂರನ್ನೂ ಕೊಟ್ಟಿರುತ್ತಾರೆ, ಅತ್ತೆಯವರು ಪ್ರೀತಿಯಿಂದ ಮೂರನ್ನೂ ಒಟ್ಟಿಗೆ ಕೈಗಿಡುತ್ತಾರೆ. ಗ್ಯಾಸ್ಟ್ರಿಕ್‌ಗೆ ದಿನಾ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್ ಕೂಡ ಮಾತ್ರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡಬಹುದು, ಅದನ್ನೂ ಹೇಳಿರಿ.

ಮಳೆಗಾಲದಲ್ಲಿ ಸಕಲೇಶಪುರ, ಶೃಂಗೇರಿ ಕಡೆ ಗೋಡೆಯೇ ಬೆವರುತ್ತದೆ. ಥೈರಾಯ್ಡ್ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗುವುದಿಲ್ಲ. ಬಂದ ಬಾಟಲಿಯಲ್ಲೇ ಇಡಿ, ಮುಚ್ಚಳ ಗಟ್ಟಿ ಮುಚ್ಚಿ, ಒಲೆಯ ಪಕ್ಕದ ಶೆಲ್ಫ್ ಬೇಡ. ಮಾತ್ರೆಯ ಬ್ರ್ಯಾಂಡ್ ಬದಲಾಗಿ ಥೈರೋನಾರ್ಮ್ ಇದ್ದದ್ದು ಎಲ್ಟ್ರಾಕ್ಸಿನ್ ಆಯಿತು ಅಥವಾ ಅದರ ಉಲ್ಟಾ ಆಯಿತು ಅಂದರೆ, ಒಳಗಿನ ಔಷಧಿ ಒಂದೇ ಆದರೂ 6 ವಾರ ಬಿಟ್ಟು ಒಂದು ಟಿಎಸ್‌ಎಚ್ ಮಾಡಿಸಿ. ಅಂಗಡಿಯವರು "ಎರಡೂ ಒಂದೇ ಅಕ್ಕಾ" ಅಂದರೂ ಸರಿ, ಬಾಟಲಿ ಮೇಲಿನ ಹೆಸರನ್ನೂ ಮೈಕ್ರೋಗ್ರಾಂ ಅಂಕಿಯನ್ನೂ ಓದಿಯೇ ತನ್ನಿ. 25ರ ಬದಲು 125 ತಂದರೆ ಅದು ಸಣ್ಣ ತಪ್ಪಲ್ಲ.

ಟಿಎಸ್‌ಎಚ್ ಮಿತಿಯೊಳಗೆ ಬಂದ ಮೇಲೆ 6 ತಿಂಗಳಿಗೊಮ್ಮೆ, ಅದೂ ಸ್ಥಿರವಾಗಿದ್ದರೆ ವರ್ಷಕ್ಕೊಮ್ಮೆ ಸಾಕು, ಪ್ರತಿ ಸಲ ಟಿ3, ಟಿ4, ಟಿಪಿಒ ಎಲ್ಲಾ ಬೇಡ. ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ, ಪ್ರತಿಯೊಂದರ ಮೇಲೂ ಆಗ ನಡೆಯುತ್ತಿದ್ದ ಡೋಸ್, ಬ್ರ್ಯಾಂಡ್, ರಕ್ತ ಕೊಟ್ಟ ಹೊತ್ತು, ಅವತ್ತಿನ ತೂಕ ಪೆನ್ನಿನಲ್ಲಿ ಬರೆಯಿರಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಪ್ರಿಂಟ್ ತೆಗೆಸಿಟ್ಟುಕೊಳ್ಳಿ, ಫೋನ್ ಬದಲಾದಾಗ ಮೊದಲು ಮಾಯವಾಗುವುದು ಅದೇ.